ಮೈಸೂರಿನಲ್ಲಿ ಸಿಚುವಾನ್ ರುಚಿ ಬೇಕಿದ್ದರೆ ಕುಶಾಲನಗರದ ಬಸ್ ಹತ್ತಿ

ಮೊದಲೇ ಹೇಳಿಬಿಡುತ್ತೇನೆ. ಮೈಸೂರು ಜಿಲ್ಲೆಯಲ್ಲಿ ನಾನು ತಿಂದಿರುವುದರಲ್ಲಿ ಚೀನಾದ ಸಿಚುವಾನ್ ಪ್ರಾಂತ್ಯದ ನಿಜವಾದ ರುಚಿಗೆ ತೀರಾ ಹತ್ತಿರ ಇರುವುದು ಬೈಲಕುಪ್ಪೆಯ ಟಿಬೆಟನ್ನರು ಪಿಷ್ಟದಿಂದ ಮಾಡುವ ಲಾಫಿಂಗ್ ಎಂಬ ತಿಂಡಿ. ಕೆಂಪು ಲಾಂದ್ರ ತೂಗುಹಾಕಿದ ಯಾವ ರೆಸ್ಟೋರೆಂಟಿನಲ್ಲೂ ಅದು ನನಗೆ ಸಿಕ್ಕಿಲ್ಲ. ನಾಲ್ಕು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡ ಪುಟ್ಟ ಅಂಗಡಿಗಳಲ್ಲಿ ಸಿಕ್ಕಿದೆ. ತಣ್ಣಗಿರುತ್ತದೆ, ಜಾರುತ್ತದೆ, ಮೆಣಸಿನ ಎಣ್ಣೆಯಲ್ಲಿ ಮಿಂದಿರುತ್ತದೆ.

ನಾನು ಕೋಲ್ಕತ್ತಾದಲ್ಲಿ ಕೆಲಸದಲ್ಲಿದ್ದು ಈಗ ಮೈಸೂರಿಗೆ ವರ್ಗವಾಗಿ ಬಂದವನು. ಕೋಲ್ಕತ್ತಾದಲ್ಲಿ ಟಾಂಗ್ರಾ ಅಂತ ಒಂದು ಜಾಗ ಇದೆ. ಹಕ್ಕಾ ಚೀನೀ ಕುಟುಂಬಗಳು ತಲೆಮಾರುಗಳಿಂದ ಚರ್ಮ ಹದ ಮಾಡುತ್ತಿದ್ದ ಕೇರಿ ಅದು. 1996ರಲ್ಲಿ ಸುಪ್ರೀಂ ಕೋರ್ಟ್ ಚರ್ಮದ ಕಾರ್ಖಾನೆಗಳನ್ನು ಊರ ಹೊರಗೆ ಸಾಗಿಸಿ ಅಂತ ಆದೇಶ ಮಾಡಿತು. ಹದದ ಕೆಲಸ ಹೊರಗೆ ಹೋಯಿತು, ಅಡುಗೆಮನೆಗಳು ಉಳಿದುಕೊಂಡವು. ಇನ್ನು ಟಿರೆಟ್ಟಾ ಬಜಾರಿನಲ್ಲಿ ಬೆಳಕು ಹರಿಯುವ ಹೊತ್ತಿಗೆ ಹೋದರೆ ಹಬೆಯಲ್ಲಿ ಬೆಂದ ಹಂದಿ ಮಾಂಸದ ಬನ್ನು, ಮೀನಿನ ಉಂಡೆ ಹಾಕಿದ ಸೂಪು ಸಿಗುತ್ತಿತ್ತು. ಆ ರುಚಿ ಹತ್ತಿದ ಮೇಲೆ ಹೊಸ ಊರಿಗೆ ಬಂದರೆ ನಾಲಿಗೆ ಸುಮ್ನೆ ಕೂರುವುದಿಲ್ಲ.

ಮೈಸೂರಿನಲ್ಲಿ ಚೈನೀಸ್ ಇಲ್ಲ ಅಂತಲ್ಲ. ಸಂಜೆಯಾದರೆ ಗೋಬಿ ಗಾಡಿ ಇಲ್ಲದ ಬಡಾವಣೆಯೇ ಇಲ್ಲ. ಗೋಬಿ ಮಂಚೂರಿಯನ್ನು ಕೀಳಾಗಿ ನೋಡುವವರ ಜೊತೆ ನಾನು ಇಲ್ಲ. ಮಂಚೂರಿಯನ್ ಹುಟ್ಟಿದ್ದು ಮುಂಬೈಯಲ್ಲಿ, 1975ರ ಸುಮಾರಿಗೆ, ಕೋಲ್ಕತ್ತಾದಲ್ಲಿ ಹುಟ್ಟಿ ಬೆಳೆದ ನೆಲ್ಸನ್ ವಾಂಗ್ ಎಂಬ ಬಾಣಸಿಗರ ಕೈಯಲ್ಲಿ ಅಂತ ಹೇಳುತ್ತಾರೆ. ಆಗ ಅದು ಕೋಳಿಯದ್ದು, ಹೂಕೋಸು ಸೇರಿದ್ದು ಆಮೇಲೆ. ಅಂದರೆ ಇದು ನಮ್ಮದೇ ತಿಂಡಿ, ನಮ್ಮದು ಅಂತಲೇ ತಿನ್ನಬೇಕು. ಒಂದು ವಿಷಯ ಮಾತ್ರ ನೋಡಿಕೊಳ್ಳಿ. 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಆಗ ಪರೀಕ್ಷೆ ಮಾಡಿದ 171 ಮಾದರಿಗಳಲ್ಲಿ 107ರಲ್ಲಿ ಹಾಕಬಾರದ ಬಣ್ಣ ಸಿಕ್ಕಿತ್ತು. ಈಗ ಕಂದು ಬಣ್ಣದ, ಸ್ವಲ್ಪ ಮಂಕಾಗಿ ಕಾಣುವ ಗೋಬಿ ಕೊಡುವ ಗಾಡಿಯವರೇ ಒಳ್ಳೆಯವರು. ಪ್ಲೇಟು ಕೆಂಪಗೆ ಹೊಳೆಯುತ್ತಿದ್ದರೆ ನಾನು ಮುಂದಿನ ಗಾಡಿಗೆ ಹೋಗುತ್ತೇನೆ.

ನನ್ನ ಬೇಸರ ಇರುವುದು ಗಾಡಿಗಳ ಮೇಲಲ್ಲ, ಮೆನುವಿನಲ್ಲಿ ಸಿಚುವಾನ್ ಅಂತ ಬರೆದು ಅದಕ್ಕೆ ತಕ್ಕ ದುಡ್ಡು ವಸೂಲಿ ಮಾಡುವ ಜಾಗಗಳ ಮೇಲೆ. ಮೈಸೂರಿನ ಒಂದು ದೊಡ್ಡ ಹೋಟೆಲಿನಲ್ಲಿ ಮಾಪೋ ತೋಫು ತರಿಸಿದೆ. ಇದು ಸಿಚುವಾನಿನ ರಾಜಧಾನಿ ಚೆಂಗ್ಡುವಿನ ಅಡುಗೆ. ಸೋಯಾ ಹಾಲಿನಿಂದ ಮಾಡಿದ ಮೆತ್ತಗಿನ ತೋಫು, ಚೂರು ಮಾಡಿದ ಮಾಂಸ, ಕೆಂಪು ಎಣ್ಣೆ, ಮೇಲೆ ಸಿಚುವಾನ್ ಮೆಣಸಿನ ಪುಡಿ. ಅದರ ಜೀವ ಇರುವುದು ಹುದುಗಿಸಿದ ಅವರೆ ಜಾತಿಯ ಕಾಳು ಮತ್ತು ಮೆಣಸಿನಕಾಯಿಯ ಒಂದು ಪೇಸ್ಟಿನಲ್ಲಿ, ಚೆಂಗ್ಡು ಪಕ್ಕದ ಪಿಶಿಯನ್ ಎಂಬ ಊರು ಅದಕ್ಕೇ ಹೆಸರುವಾಸಿ. ನನಗೆ ಬಂದದ್ದು ಪನೀರು, ಟೊಮೆಟೊ ಸಾಸು, ಕಾರ್ನ್ ಫ್ಲೋರ್ ಹಾಕಿ ಗಟ್ಟಿ ಮಾಡಿದ ಗ್ರೇವಿ. ಸಿಹಿ ಬೇರೆ! ಕೇಳಿದರೆ, "ನಮ್ಮ ಗ್ರಾಹಕರಿಗೆ ಇದೇ ಇಷ್ಟ ಸರ್" ಅಂದರು. ಇಷ್ಟ ಇರಬಹುದು. ಹಾಗಾದರೆ ಹೆಸರು ಬೇರೆ ಇಡಬೇಕು, ಅಲ್ವಾ?

ಸಿಚುವಾನ್ ಮೆಣಸು ಅಂದರೆ ಏನು ಅಂತ ಕರಾವಳಿ ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಬಂಗುಡೆ ಸಾರಿಗೆ ಹಾಕುವ ಜುಮ್ಮನಕಾಯಿ ಅದರ ದಾಯಾದಿ, ಎರಡೂ ಒಂದೇ ಕುಲದ ಗಿಡಗಳು. ಎರಡರಲ್ಲೂ ಕಪ್ಪು ಬೀಜ ಬಿಸಾಡಿ ಸಿಪ್ಪೆ ಮಾತ್ರ ಬಳಸುತ್ತಾರೆ. ಪರಿಮಳ ಬೇರೆ ಬೇರೆ, ಆದರೆ ತುಟಿ ನಾಲಿಗೆ ಜುಮ್ಮೆನ್ನುವುದು ಎರಡರಲ್ಲೂ ಇದೆ. ಸಿಚುವಾನ್ ಅಡುಗೆ ನಿಂತಿರುವುದು ಮೆಣಸಿನಕಾಯಿಯ ಉರಿ ಮತ್ತು ಈ ಜುಮ್ಮು ಎರಡೂ ಸೇರಿ. ನಮ್ಮ ಬಾಟಲಿಗಳಲ್ಲಿ ಬರುವ ಶೆಜ್ವಾನ್ (ಅದೂ ಸಿಚುವಾನ್ ಅನ್ನುವ ಹೆಸರೇ) ಸಾಸಿನಲ್ಲಿ ಸಾಮಾನ್ಯವಾಗಿ ಇರುವುದು ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಶುಂಠಿ, ವಿನೆಗರ್. ದೋಸೆ ಮೇಲೆ ಸವರಿಕೊಂಡು ತಿನ್ನಲು ಚೆನ್ನಾಗಿದೆ. ಜುಮ್ಮು ಮಾತ್ರ ಇಲ್ಲ.

ಮೈಸೂರಿನೊಳಗೇ ಹುಡುಕುವವರಿಗೆ ನನ್ನ ಉಪಾಯ ಹೇಳುತ್ತೇನೆ. ಮೆನು ಕಾರ್ಡ್ ಮುಚ್ಚಿಡಿ. ಅಡುಗೆ ಮಾಡುವವರು ಯಾವ ಕಡೆಯವರು ಅಂತ ವಿಚಾರಿಸಿ. ಮೊಮೊ ಮತ್ತು ಚೈನೀಸ್ ಅಂಗಡಿಗಳಲ್ಲಿ ನೇಪಾಳ, ಡಾರ್ಜಿಲಿಂಗ್, ಈಶಾನ್ಯ ರಾಜ್ಯಗಳ ಹುಡುಗರು ಜಾಸ್ತಿ. ಜನ ಕಡಿಮೆ ಇರುವ ಹೊತ್ತಿನಲ್ಲಿ ಹೋಗಿ, ನೀವು ಊಟಕ್ಕೆ ಏನು ಮಾಡಿಕೊಳ್ಳುತ್ತೀರಿ, ನನಗೂ ಅದನ್ನೇ ಕೊಡುತ್ತೀರಾ ಅಂತ ಕೇಳಿ. ಹೀಗೆ ಕೇಳಿಯೇ ನನಗೆ ಒಂದು ಕಡೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಜೋರು ಉರಿಯಲ್ಲಿ ಬಾಡಿಸಿದ ಹರಿವೆ ಸೊಪ್ಪು ಸಿಕ್ಕಿತು, ಬಿಳಿ ಅನ್ನದ ಜೊತೆ. ಹರಿವೆಯನ್ನು ಚೀನಾದಲ್ಲೂ ಹೀಗೇ ಬಾಡಿಸಿ ತಿನ್ನುತ್ತಾರೆ. ಆ ಹುಡುಗನಿಗೆ ಅದು ಚೈನೀಸ್ ಅಂತ ಗೊತ್ತಿರಲಿಲ್ಲ, ಅವನ ಮಟ್ಟಿಗೆ ಅದು ಮನೆ ಅಡುಗೆ. ಆ ಅಂಗಡಿಯ ಫ್ರೈಡ್ ರೈಸ್ ಕೂಡ ಚೆನ್ನಾಗಿದೆ: ಅನ್ನ ಉದುರುದುರು, ತಳದಲ್ಲಿ ಎಣ್ಣೆ ನಿಲ್ಲುವುದಿಲ್ಲ, ಬಾಣಲೆಯ ಹೊಗೆಯ ವಾಸನೆ ಹದವಾಗಿ ಹತ್ತಿರುತ್ತದೆ.

ಇನ್ನು ಬೈಲಕುಪ್ಪೆ. ಪಿರಿಯಾಪಟ್ಟಣ ತಾಲ್ಲೂಕು, ಕುಶಾಲನಗರದ ಪಕ್ಕ, ಮೈಸೂರಿನಿಂದ ಸುಮಾರು 80 ಕಿಲೋಮೀಟರ್. 1960ರ ದಶಕದ ಆರಂಭದಲ್ಲಿ ಟಿಬೆಟ್ ಬಿಟ್ಟು ಬಂದವರಿಗೆ ಆಗಿನ ಮೈಸೂರು ರಾಜ್ಯ ಇಲ್ಲಿ ಜಾಗ ಕೊಟ್ಟಿತು. ಎಲ್ಲರೂ ಗೋಲ್ಡನ್ ಟೆಂಪಲ್ ನೋಡಿ, ಎದುರಿನ ಅಂಗಡಿ ಸಾಲಿನಲ್ಲಿ ಮೊಮೊ ತಿಂದು ವಾಪಸು ಬರುತ್ತಾರೆ. ಮೊಮೊ ತಿನ್ನಿ, ಬೇಡ ಅನ್ನುವುದಿಲ್ಲ. ಆದರೆ ಲಾಫಿಂಗ್ ತಿನ್ನದೆ ಬರಬೇಡಿ. ಟಿಬೆಟನ್ ಹುಡುಗ ಹುಡುಗಿಯರು ಗುಂಪು ಕಟ್ಟಿಕೊಂಡು ನಿಂತಿರುವ ಅಂಗಡಿ ಹುಡುಕಿ, ಅದೇ ಸರಿಯಾದ ಅಂಗಡಿ.

ಬಿಳಿ ಲಾಫಿಂಗ್ ಮಾಡುವುದು ಹೆಸರುಕಾಳಿನ ಪಿಷ್ಟದಿಂದ. ಪಿಷ್ಟವನ್ನು ನೀರಿನಲ್ಲಿ ಕದಡಿ, ಗಂಜಿ ಕಾಯಿಸಿ, ಆರಲು ಬಿಟ್ಟರೆ ಬಾಗಿ ಬಳುಕುವಷ್ಟು ಗಟ್ಟಿಯಾಗುತ್ತದೆ. ಅದನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸುತ್ತಾರೆ. ಹಳದಿಯದ್ದು ಗೋಧಿ ಹಿಟ್ಟನ್ನು ನಾದಿ ನೀರಿನಲ್ಲಿ ತೊಳೆದು ಮಾಡುವುದು: ತೊಳೆದ ನೀರಿನಲ್ಲಿ ಇಳಿದ ಪಿಷ್ಟವನ್ನು ತಟ್ಟೆಗೆ ಹೊಯ್ದು ತೆಳ್ಳಗೆ ಹಬೆಯಲ್ಲಿ ಬೇಯಿಸುತ್ತಾರೆ, ಉಳಿದ ಅಂಟು ಮುದ್ದೆಯನ್ನೂ ಬೇಯಿಸಿ, ಚೂರು ಮಾಡಿ, ಒಳಗಿಟ್ಟು ಸುರುಳಿ ಸುತ್ತುತ್ತಾರೆ. ಆಮೇಲೆ ಬೆಳ್ಳುಳ್ಳಿ ನೀರು, ಸೋಯಾ ಸಾಸು, ವಿನೆಗರ್, ಕೊನೆಗೆ ಮೆಣಸಿನ ಎಣ್ಣೆ. ನನ್ನ ಓಟು ಬಿಳಿಯದಕ್ಕೆ. ಬಾಯಿಗಿಟ್ಟ ಕೂಡಲೇ ತಂಪು, ಮರುಕ್ಷಣ ಹುಳಿ, ಬೆಳ್ಳುಳ್ಳಿ ಮೂಗಿಗೆ ಬಡಿಯುತ್ತದೆ, ಖಾರ ನಿಧಾನಕ್ಕೆ ಹಿಂದಿನಿಂದ ಏರುತ್ತದೆ. ಸಿಚುವಾನಿನಲ್ಲಿ ಲಿಯಾಂಗ್‌ಫೆನ್ ಅಂತ ಬೀದಿ ಬದಿ ಮಾರುವುದು ಇದೇ ತಿಂಡಿಯ ಮೂಲ, ಅಲ್ಲಿಂದ ಪಕ್ಕದ ಟಿಬೆಟ್‌ಗೆ ದಾಟಿದ್ದು, ಅವರ ಜೊತೆ ಇಲ್ಲಿಗೆ ಬಂದದ್ದು. ಎಲ್ಲ ಅಂಗಡಿಗಳ ಎಣ್ಣೆಯಲ್ಲೂ ಆ ಜುಮ್ಮೆನ್ನುವ ಮೆಣಸು ಇರುವುದಿಲ್ಲ. ಟಿಬೆಟನ್ ಅಡುಗೆಯಲ್ಲಿ ಅದು ಇದ್ದೇ ಇದೆ, ಹಾಗಾಗಿ ಕೇಳಿ. ನಾನು ಹೋಗುವ ಅಂಗಡಿಯ ಅಕ್ಕ ಒಳ್ಳೆಯ ಕನ್ನಡದಲ್ಲೇ "ಖಾರ ಎಷ್ಟು ಹಾಕಲಿ?" ಅಂತ ಕೇಳುತ್ತಾರೆ. ಮೊದಲ ಸಲ ಹೋಗುವವರು ಅರ್ಧ ಅನ್ನಿ. ನಮ್ಮ ಗುಂಟೂರು ಮೆಣಸಿನಕಾಯಿ ತಿಂದು ಗೊತ್ತು ಅನ್ನುವ ಧೈರ್ಯ ಇಲ್ಲಿ ಬೇಡ, ಎಣ್ಣೆಯ ಖಾರ ನೀರು ಕುಡಿದರೆ ಇಳಿಯುವುದಿಲ್ಲ. ಜೊತೆಗೆ ತಿಂಗ್ಮೋ ಇಟ್ಟುಕೊಳ್ಳಿ, ಪದರ ಪದರವಾಗಿ ಬಿಚ್ಚಿಕೊಳ್ಳುವ ಹಬೆಯ ಬನ್ನು ಅದು. ಉಳಿದ ಎಣ್ಣೆಯನ್ನು ಅದರಲ್ಲೇ ಅದ್ದಿ ತಿನ್ನಬಹುದು.

ಒಂದು ಮಾತು ಮನಸ್ಸಿನಿಂದ ಹೇಳುತ್ತೇನೆ. ಅಲ್ಲಿ ಹೋಗಿ ಚೈನೀಸ್ ಇದೆಯಾ ಅಂತ ಕೇಳಬೇಡಿ. ಚೀನಾದ ಆಡಳಿತದಿಂದಾಗಿ ಅವರು ಊರು ಮನೆ ಬಿಟ್ಟು ಬಂದವರು ಅಂತ ನಮಗೆಲ್ಲ ಗೊತ್ತೇ ಇದೆ. ಲಾಫಿಂಗ್ ಎಲ್ಲಿಂದ ಬಂದಿದ್ದರೂ ಅವರು ತಮ್ಮ ಕೈಯಲ್ಲಿ ತಮ್ಮದಾಗಿ ಮಾಡಿಕೊಂಡಿದ್ದಾರೆ. ಸಿಚುವಾನ್ ಹುಡುಕಿಕೊಂಡು ಹೋದ ನಾನೂ ಅಲ್ಲಿ ಕೂತು ತಿನ್ನುವುದು ಟಿಬೆಟನ್ ಊಟ ಅಂತಲೇ.

ಕೊರತೆಗಳೂ ಇವೆ. ಶನಿವಾರ ಭಾನುವಾರ ಪ್ರವಾಸಿಗರ ನೂಕುನುಗ್ಗಲು, ಸಂಜೆಯೊಳಗೆ ಲಾಫಿಂಗ್ ಖಾಲಿಯಾಗಿರುತ್ತದೆ. ಫೆಬ್ರವರಿ ಮಾರ್ಚಿನಲ್ಲಿ ಬರುವ ಟಿಬೆಟನ್ ಹೊಸವರ್ಷದ ಲೋಸರ್ ಹಬ್ಬದ ದಿನಗಳಲ್ಲಿ ಹೋದರೆ ಅಂಗಡಿಗಳು ಬಾಗಿಲು ಹಾಕಿರಬಹುದು. ಪಾರ್ಸೆಲ್ ಬೇಡವೇ ಬೇಡ, ಮೈಸೂರು ತಲುಪುವಷ್ಟರಲ್ಲಿ ನೀರು ಬಿಟ್ಟು ಮುದ್ದೆಯಾಗುತ್ತದೆ. ಮೆಣಸಿನ ಎಣ್ಣೆ ಬಾಟಲಿ ಸಿಕ್ಕರೆ ಮಾತ್ರ ತನ್ನಿ, ಮನೆಯಲ್ಲಿ ಶಾವಿಗೆಗೆ ಕಲಸಿಕೊಂಡರೂ ರುಚಿ. ಸಬರ್ಬನ್ ಬಸ್ ಸ್ಟ್ಯಾಂಡಿನಿಂದ ಕುಶಾಲನಗರ, ಮಡಿಕೇರಿ ಬಸ್ಸುಗಳು ಬೇಕಾದಷ್ಟಿವೆ, ಇಳಿದ ಮೇಲೆ ಆಟೋ. ಬೆಳಿಗ್ಗೆ ಹೊರಟು ಮಧ್ಯಾಹ್ನದ ಊಟದ ಹೊತ್ತಿಗೆ ಅಲ್ಲಿರಿ.

ದಕ್ಷಿಣ ಚೀನಾದ ಕ್ಯಾಂಟನೀಸ್ ಬಗೆಯದ್ದು, ಅಂದರೆ ತೆಳ್ಳಗಿನ ಪದರದೊಳಗೆ ಸೀಗಡಿ ಇಟ್ಟ ಹಾರ್ ಗೌ, ಶುಂಠಿ ಈರುಳ್ಳಿ ಜೊತೆ ಹಬೆಯಲ್ಲಿ ಇಡಿಯಾಗಿ ಬೇಯಿಸಿದ ಮೀನು, ಇವು ಮಾತ್ರ ಮೈಸೂರಿನಲ್ಲೂ ಬೈಲಕುಪ್ಪೆಯಲ್ಲೂ ನನಗೆ ಮನಸ್ಸಿಗೆ ಒಪ್ಪುವ ಹಾಗೆ ಸಿಕ್ಕಿಲ್ಲ. ಅದಕ್ಕೆ ಈಗಲೂ ಬೆಂಗಳೂರಿಗೇ ಹೋಗುತ್ತೇನೆ.