ಒಂದು ವರ್ಷ, ಒಂದೇ ಮಾಜ್ದಾ: ಅಸೆಟ್ಟೊ ಕೋರ್ಸಾ ಆಡಿದ ಮೇಲೆ

ಅಸೆಟ್ಟೊ ಕೋರ್ಸಾ ಎಂಬ ಕಾರ್ ರೇಸಿಂಗ್ ಕಂಪ್ಯೂಟರ್ ಆಟ ಕೊಳ್ಳಬೇಕೋ ಬೇಡವೋ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಕೊಳ್ಳಿ. ಆದರೆ ಬೇರೆಯಾಗಿ ಮಾರುವ ಕಾರುಗಳ ಪ್ಯಾಕ್‌ಗಳನ್ನೆಲ್ಲ ಮೊದಲ ದಿನವೇ ತೆಗೆದುಕೊಳ್ಳಬೇಡಿ. ನಾನು ಡಿಸ್ಕೌಂಟ್ ಇದ್ದಾಗ ಎಲ್ಲ ಪ್ಯಾಕ್‌ಗಳೂ ಸೇರಿದ ಅಲ್ಟಿಮೇಟ್ ಎಡಿಷನ್ನೇ ತೆಗೆದುಕೊಂಡೆ, ಅದರಲ್ಲಿ 170ಕ್ಕೂ ಹೆಚ್ಚು ಕಾರುಗಳಿವೆ. ಮೊದಲ ಎರಡು ತಿಂಗಳು ಇವತ್ತು ಫೆರಾರಿ, ನಾಳೆ ಪೋರ್ಶೆ, ನಾಡಿದ್ದು ಲೋಟಸ್ ಅಂತ ಪ್ರತಿಯೊಂದರಲ್ಲೂ ನಾಲ್ಕೈದು ಸುತ್ತು ಹೊಡೆದೆ. ಎಲ್ಲ ಎಂಜಿನ್ನುಗಳ ಸದ್ದು ಕೇಳಿದ್ದಾಯಿತು, ಕೈಗೆ ಮಾತ್ರ ಏನೂ ಹತ್ತಲಿಲ್ಲ.

ನಾನು ಕಲಬುರಗಿಯ ಒಂದು ಡಯಾಗ್ನೋಸ್ಟಿಕ್ ಲ್ಯಾಬ್‌ನಲ್ಲಿ ಟೆಕ್ನಿಶಿಯನ್. ರಾತ್ರಿ ಊಟ ಮುಗಿದ ಮೇಲೆ ಒಂದೂವರೆ ತಾಸು ನನ್ನದು. ಮನೆ ಖೂಬಾ ಪ್ಲಾಟ್ ಹತ್ತಿರ, ಮಾಳಿಗೆ ಮೇಲಿನ ಕೋಣೆ. ಆಟಕ್ಕೆ ಬಳಸುವ ಸ್ಟಿಯರಿಂಗ್ ವೀಲ್ ಸೆಕೆಂಡ್ ಹ್ಯಾಂಡ್, 900 ಡಿಗ್ರಿ, ಅಂದರೆ ಎರಡೂವರೆ ಸುತ್ತು ತಿರುಗುತ್ತದೆ. ನೆಲ ನುಣುಪು, ಜೋರಾಗಿ ಬ್ರೇಕ್ ಒತ್ತಿದರೆ ಪೆಡಲ್‌ಗಳ ಸೆಟ್ ಗೋಡೆವರೆಗೆ ಜಾರುತ್ತಿತ್ತು. ಅದಕ್ಕೂ ಗೋಡೆಗೂ ನಡುವೆ ಅಂಗಳದಲ್ಲಿ ಉಳಿದಿದ್ದ ಶಹಾಬಾದ್ ಫರ್ಸಿಯ ಒಂದು ತುಂಡು ಇಟ್ಟೆ. ಇವತ್ತಿಗೂ ಅದೇ ಇದೆ, ಕದಲಿಲ್ಲ.

ಆಟದ ಬಗ್ಗೆ ಎರಡು ಮಾತು. ಇದನ್ನು ಮಾಡಿದ್ದು ಇಟಲಿಯ ಕೂನೋಸ್ ಸಿಮುಲಾಜಿಯೋನಿ ಎಂಬ ಸಂಸ್ಥೆ. ಪೂರ್ಣ ಆವೃತ್ತಿ ಬಂದಿದ್ದು 2014ರ ಡಿಸೆಂಬರ್‌ನಲ್ಲಿ. ಬಹುತೇಕ ರೇಸ್ ಟ್ರ್ಯಾಕ್‌ಗಳನ್ನು ಲೇಸರ್‌ನಿಂದ ಅಳೆದು ಒಳಗೆ ತಂದಿದ್ದಾರೆ, ಹಾಗಾಗಿ ರಸ್ತೆಯ ಸಣ್ಣ ಉಬ್ಬು ತಗ್ಗು ಕೂಡ ವೀಲ್ ಮೂಲಕ ಅಂಗೈಗೆ ತಾಗುತ್ತದೆ. ಮೂಲ ಆಟದಲ್ಲಿ ಮಳೆ ಇಲ್ಲ, ರಾತ್ರಿ ಇಲ್ಲ. ಅವು ಬೇಕಿದ್ದರೆ ಅಭಿಮಾನಿಗಳು ಮಾಡಿದ ಮಾಡ್‌ಗಳನ್ನು ಹಾಕಿಕೊಳ್ಳಬೇಕು. ಒಂದೊಂದೇ ರೇಸ್ ಗೆದ್ದು ಮುಂದೆ ಹೋಗುವ ಕರಿಯರ್ ಮೋಡ್ ನನಗೆ ಹಿಡಿಸಲಿಲ್ಲ, ಎರಡು ದಿನಕ್ಕೇ ಬಿಟ್ಟೆ. ಈ ಆಟದ ಜೀವ ಇರುವುದು ಟೈರ್‌ನಲ್ಲಿ. ಟೈರ್ ಬಿಸಿಯಾಗುವುದು, ಹಿಡಿತ ಬರುವುದು, ಹಿಡಿತ ಬಿಡುವ ಮುಂಚೆ ಸ್ಟಿಯರಿಂಗ್ ಹಗುರಾಗುವುದು, ಇದನ್ನು ಇಷ್ಟು ಸ್ಪಷ್ಟವಾಗಿ ಹೇಳುವ ಇನ್ನೊಂದು ಆಟ ನನಗೆ ಸಿಕ್ಕಿಲ್ಲ.

ಆದರೆ ದಿನಕ್ಕೊಂದು ಕಾರು ಬದಲಿಸುತ್ತಿದ್ದರೆ ಅದು ಹೇಳುವುದು ಕೇಳಿಸುವುದೇ ಇಲ್ಲ. ಇದು ನನಗೆ ಹೊಳೆದದ್ದು ಲ್ಯಾಬ್‌ನಲ್ಲಿ. ದಿನಾ ಬೆಳಿಗ್ಗೆ ರೋಗಿಗಳ ಸ್ಯಾಂಪಲ್ ಹಾಕುವ ಮುಂಚೆ ನಾವು ಮಷೀನ್‌ಗೆ ಕಂಟ್ರೋಲ್ ಎಂಬ ತಪಾಸಣೆಯ ಸ್ಯಾಂಪಲ್ ಹಾಕುತ್ತೇವೆ. ಅದರ ರೀಡಿಂಗ್ ಎಷ್ಟು ಬರಬೇಕು ಅಂತ ಮೊದಲೇ ಗೊತ್ತಿರುತ್ತದೆ. ಅದು ಸರಿ ಬಂದರೆ ಮಾತ್ರ ಮುಂದಿನ ರೀಡಿಂಗ್ ನಂಬಬಹುದು. ಒಂದು ದಿನ ಕಂಟ್ರೋಲ್ ಹಾಕುತ್ತಾ ನಿಂತಾಗ ಅನಿಸಿತು, ನನ್ನ ಆಟದಲ್ಲಿ ಕಂಟ್ರೋಲ್ ಅನ್ನುವುದೇ ಇಲ್ಲ. ಲ್ಯಾಪ್ ಟೈಮ್, ಅಂದರೆ ಒಂದು ಸುತ್ತಿಗೆ ಹಿಡಿದ ಸಮಯ, ಕೆಟ್ಟರೆ ತಪ್ಪು ಕಾರಿನದೋ, ಟ್ರ್ಯಾಕ್‌ನದೋ, ನನ್ನದೋ?

ಅವತ್ತು ರಾತ್ರಿಯೇ ಒಂದು ಕಾರು ಆರಿಸಿದೆ. ಮಾಜ್ದಾ ಎಂಎಕ್ಸ್-5 ಕಪ್. ಎಂಜಿನ್ ಮುಂದೆ, ಓಡಿಸುವ ಗಾಲಿ ಹಿಂದೆ, ತೂಕ ಮುಂದೆ ಹಿಂದೆ ಹೆಚ್ಚುಕಡಿಮೆ ಸಮ. ಶಕ್ತಿ ಕಡಿಮೆ, ಹಾಗಾಗಿ ತಿರುವಿನಲ್ಲಿ ಕಳೆದುಕೊಂಡ ವೇಗವನ್ನು ನೇರ ದಾರಿಯಲ್ಲಿ ಎಂಜಿನ್ ತುಂಬಿಕೊಡುವುದಿಲ್ಲ. ಮಾಡಿದ ತಪ್ಪು ಸುತ್ತಿನ ಕೊನೆಯವರೆಗೂ ಲೆಕ್ಕದಲ್ಲಿ ಉಳಿಯುತ್ತದೆ. ಟ್ರ್ಯಾಕ್ ಇಂಗ್ಲೆಂಡಿನ ಬ್ರಾಂಡ್ಸ್ ಹ್ಯಾಚ್, ಅದರಲ್ಲೂ 1.9 ಕಿಲೋಮೀಟರಿನ ಚಿಕ್ಕ ಇಂಡಿ ಸರ್ಕ್ಯೂಟ್. ಆಟದೊಳಗೆ ಗಾಳಿಯ ಬಿಸಿ 26 ಡಿಗ್ರಿ, ಪೆಟ್ರೋಲ್ ಪ್ರತಿ ಸಲ ಅಷ್ಟೇ. ಮೇ ತಿಂಗಳಲ್ಲಿ ನನ್ನ ಕೋಣೆ ರಾತ್ರಿ ಹತ್ತಕ್ಕೂ ಕಾದ ಹಂಚಿನಂತೆ ಇರುತ್ತಿತ್ತು, ವೀಲ್ ಮೇಲೆ ಟವೆಲ್ ಹಾಕಿ ಬೆವರು ಒರೆಸಿಕೊಳ್ಳುತ್ತಾ ಓಡಿಸಿದೆ. ನೋಟ್‌ಬುಕ್‌ನಲ್ಲಿ ಪ್ರತಿ ಸುತ್ತಿನ ಟೈಮ್ ಬರೆದಿಟ್ಟೆ.

ಬ್ರಾಂಡ್ಸ್ ಹ್ಯಾಚ್‌ನ ಮೊದಲ ತಿರುವೇ ಪ್ಯಾಡಾಕ್ ಹಿಲ್. ಬಲಕ್ಕೆ ತಿರುಗುತ್ತಲೇ ನೆಲ ಕೆಳಗೆ ಬೀಳುತ್ತದೆ, ಒಳ ಅಂಚು ಕೊನೆಯ ಕ್ಷಣದವರೆಗೂ ಕಾಣುವುದಿಲ್ಲ. ಮೂರು ವಾರ ಆ ಒಂದೇ ತಿರುವು ನನ್ನನ್ನು ಹೊರಗೆ ಎಸೆಯಿತು. ಬ್ರೇಕ್ ಒತ್ತುವ ಜಾಗ ಬದಲಿಸಿದೆ, ಗೇರ್ ಬದಲಿಸಿದೆ, ಸ್ಟಿಯರಿಂಗ್ ಬೇಗ ತಿರುಗಿಸಿ ನೋಡಿದೆ, ಆಗಲಿಲ್ಲ.

ಒಂದು ರಾತ್ರಿ ಕರೆಂಟ್ ಹೋಯಿತು, ಇನ್ವರ್ಟರ್ ಮೇಲೆ ಮಾನಿಟರ್ ಉರಿಯುತ್ತಿತ್ತು. ಕೆಳಗೆ ಸೆಕೆ ತಾಳಲಾರದೆ ಅಪ್ಪ ಮಾಳಿಗೆಗೆ ಬಂದವರು ನನ್ನ ಹಿಂದೆ ಸ್ಟೂಲ್ ಹಾಕಿಕೊಂಡು ಕೂತರು. ಅಪ್ಪ 19 ವರ್ಷದಿಂದ ಒಂದೇ ಟೆಂಪೋ ಓಡಿಸುತ್ತಿದ್ದಾರೆ, ಗಂಜ್‌ನಿಂದ ದಾಲ್ ಮಿಲ್‌ಗಳಿಗೆ ತೊಗರಿ ಚೀಲ. ಹತ್ತು ಸುತ್ತು ಮಾತಿಲ್ಲದೆ ನೋಡಿದರು. ಪರದೆ ನೋಡಲಿಲ್ಲ, ನನ್ನ ಕಾಲು ನೋಡುತ್ತಿದ್ದರು.

“ಬ್ರೇಕ್ ಒಮ್ಮೆಲೆ ಬಿಡಲಾಕತ್ತೀಯಲ್ಲವ್ವ,” ಅಂದರು. “ಹಂಗ ಬಿಟ್ರ ಮಾಲಿನ ಭಾರ ಹಿಂದಕ್ಕ ಹೋಗತದ, ಮುಂದಿನ ಗಾಲಿ ಹಗುರಾಗತಾವ. ಆಮ್ಯಾಲ ಹ್ಯಾಂಗ ಹೊಳ್ಳತದ ಗಾಡಿ? ಮೆಲ್ಲಕ ಬಿಡು. ಹೊಳ್ಳೋತನ ಸ್ವಲ್ಪ ಹಿಡಿದೇ ಇರು.”

ರೇಸಿಂಗ್ ಕಲಿಸುವವರು ಟ್ರೇಲ್ ಬ್ರೇಕಿಂಗ್ ಅನ್ನುವುದು ಇದನ್ನೇ. ಅದರ ಬಗ್ಗೆ ಎಷ್ಟೋ ವಿಡಿಯೋ ನೋಡಿದ್ದೆ, ಕಾಲಿಗೆ ಇಳಿದಿರಲಿಲ್ಲ. ಅವತ್ತು ಪ್ಯಾಡಾಕ್ ಹಿಲ್‌ನಲ್ಲಿ ಬ್ರೇಕನ್ನು ಎಳೆಎಳೆಯಾಗಿ ಬಿಡುತ್ತಾ ಹೋದೆ. ಮಾಜ್ದಾದ ಮೂಗು ತಾನಾಗಿ ಒಳಗೆ ಬಂತು, ಹಿಂಭಾಗ ಒಂಚೂರು ಸರಿದು ನಿಂತಿತು, ಅಂಗೈಯಲ್ಲಿ ಆ ಸರಿತ ಗೊತ್ತಾಯಿತು. ನನ್ನ ಮೈ ಝುಂ ಅಂದಿತು.

ಎಂಟು ತಿಂಗಳಲ್ಲಿ ನನ್ನ ಅತ್ಯುತ್ತಮ ಸುತ್ತು ಮೊದಲ ವಾರಕ್ಕಿಂತ 2.6 ಸೆಕೆಂಡ್ ಕಡಿಮೆಯಾಯಿತು. ಅದಕ್ಕಿಂತ ನನಗೆ ಮುಖ್ಯವಾದದ್ದು ಬೇರೆ. ಮೊದಲು ಸತತ ಹತ್ತು ಸುತ್ತಿನಲ್ಲಿ ಒಂದಕ್ಕೂ ಇನ್ನೊಂದಕ್ಕೂ ಎರಡು ಸೆಕೆಂಡ್ ವ್ಯತ್ಯಾಸ ಇರುತ್ತಿತ್ತು, ಈಗ 0.3 ಸೆಕೆಂಡ್ ದಾಟುವುದಿಲ್ಲ. ಟೈರ್ ಗಾಳಿ ಸ್ವಲ್ಪ ಏರಿಸಿದರೂ ಏನಾಯಿತು ಅಂತ ಹೇಳಬಲ್ಲೆ.

ಬೀದರ್‌ನಲ್ಲಿರುವ ನಮ್ಮ ಕಾಕನ ಮಗ ಇದನ್ನು ಒಪ್ಪುವುದಿಲ್ಲ. ಅವನು ವಾರಕ್ಕೊಂದು ಕಾರು ಬದಲಿಸುವವನು. ದೀಪಾವಳಿಗೆ ಬಂದಾಗ ಇಬ್ಬರೂ ಅಷ್ಟಾಗಿ ಓಡಿಸದ ಲೋಟಸ್ ಎಲೀಸ್ ತೆಗೆದುಕೊಂಡು ಮಜೋನೆ ಟ್ರ್ಯಾಕ್‌ನಲ್ಲಿ ತಲಾ 25 ಸುತ್ತು ಹೊಡೆದೆವು. ಮೊದಲ ಏಳೆಂಟು ಸುತ್ತು ಅವನೇ ಮುಂದೆ, ಕೊನೆಗೆ ನಾನು 0.4 ಸೆಕೆಂಡ್ ಮುಂದೆ. ಮರುದಿನ ವೇಗಕ್ಕೆ ಹೆಸರಾದ ಮೊಂಜಾ ಟ್ರ್ಯಾಕ್‌ನಲ್ಲಿ ಫೆರಾರಿ 458. ಅಲ್ಲಿ ಮೊದಲಿಂದ ಕೊನೆವರೆಗೂ ಅವನೇ ಮುಂದಿದ್ದ. ಅಷ್ಟು ವೇಗದಿಂದ ಬ್ರೇಕ್ ಒತ್ತಿ ಕಾರನ್ನು ಇಳಿಸುವುದು ನನ್ನ ಮಾಜ್ದಾ ನನಗೆ ಕಲಿಸಿರಲಿಲ್ಲ, ಕಲಿಸುವುದು ಸಾಧ್ಯವೂ ಇರಲಿಲ್ಲ.

ಅವನು ಹೋದ ಮೇಲೆ ಎರಡು ವಾರ ಮಾಜ್ದಾ ಬಿಟ್ಟು ಅಬಾರ್ತ್ 500 ಓಡಿಸಿದೆ. ಅದು ಮುಂದಿನ ಗಾಲಿಯಿಂದ ಓಡುವ ಕಾರು, ತಿರುಗಿಸುವುದೂ ಎಳೆಯುವುದೂ ಅದೇ ಎರಡು ಟೈರ್. ನನ್ನ ಒಂದು ಕೆಟ್ಟ ಅಭ್ಯಾಸ ಅಲ್ಲಿ ಹೊರಬಿತ್ತು. ನಾನು ತಿರುವಿಗೆ ತುಸು ಹೆಚ್ಚೇ ವೇಗವಾಗಿ ನುಗ್ಗುತ್ತಿದ್ದೆ. ಮಾಜ್ದಾದಲ್ಲಿ ಆಕ್ಸಲರೇಟರ್ ಒತ್ತಿ ಹಿಂಭಾಗ ಸರಿಸಿ ಅದನ್ನು ಸರಿಮಾಡಿಕೊಳ್ಳುತ್ತಿದ್ದೆ. ಅಬಾರ್ತ್‌ನಲ್ಲಿ ಹಾಗೆ ಒತ್ತಿದರೆ ಕಾರು ಇನ್ನೂ ಹೊರಕ್ಕೇ ಹೋಗುತ್ತದೆ. ಮರಳಿ ಮಾಜ್ದಾಕ್ಕೆ ಬಂದು ತಿರುವಿಗೆ ನಿಧಾನವಾಗಿ ಇಳಿದೆ, ಟೈಮ್ ಇನ್ನೂ 0.2 ಸೆಕೆಂಡ್ ಇಳಿಯಿತು. ಒಂದೇ ಕಾರಿನಲ್ಲಿ ಕೂತಿದ್ದರೆ ಈ ತಪ್ಪು ನನಗೆ ಯಾವತ್ತೂ ಕಾಣುತ್ತಿರಲಿಲ್ಲ. ಹಾಗೆಯೇ ಎಂಟು ತಿಂಗಳು ಒಂದೇ ಕಾರಿನಲ್ಲಿ ಕೂರದೆ ಇದ್ದಿದ್ದರೆ, ಅಬಾರ್ತ್ ಹೊರಕ್ಕೆ ಹೋದಾಗ “ಈ ಕಾರೇ ಸರಿ ಇಲ್ಲ” ಅಂದು ಮುಂದಿನದಕ್ಕೆ ಹೋಗಿಬಿಡುತ್ತಿದ್ದೆ.

ಹಾಗಾಗಿ ಹೊಸಬರಿಗೆ ನನ್ನ ಸಲಹೆ ಇಷ್ಟು. ಮೂಲ ಆಟ ಕೊಳ್ಳಿ. ಕಡಿಮೆ ಶಕ್ತಿಯ ಒಂದು ಕಾರು ಹಿಡಿದು ಕನಿಷ್ಠ ಆರು ತಿಂಗಳು ಬಿಡಬೇಡಿ. ಬೇಸರ ಬಂದರೆ ಟ್ರ್ಯಾಕ್ ಬದಲಿಸಿ, ಕಾರು ಬೇಡ. ಆಮೇಲೆ ಗುಣದಲ್ಲಿ ಅದಕ್ಕೆ ತೀರಾ ಬೇರೆಯಾದ ಒಂದನ್ನು ಎರಡು ವಾರ ಓಡಿಸಿ, ಮರಳಿ ನಿಮ್ಮ ಕಾರಿಗೆ ಬನ್ನಿ. ಪ್ಯಾಕ್‌ಗಳಿಗೆ ಹಾಕುವ ದುಡ್ಡು ಒಳ್ಳೆಯ ಬ್ರೇಕ್ ಪೆಡಲ್‌ಗೆ ಹಾಕಿ. ನಾನು ಈಗ ಕೂಡಿಡುತ್ತಿರುವುದು ಲೋಡ್ ಸೆಲ್ ಪೆಡಲ್‌ಗೆ, ಅದು ಕಾಲು ಎಷ್ಟು ದೂರ ಹೋಯಿತು ಅನ್ನುವುದನ್ನಲ್ಲ, ಎಷ್ಟು ಒತ್ತಿತು ಅನ್ನುವುದನ್ನು ಅಳೆಯುತ್ತದೆ. ಅದು ಬಂದ ದಿನ ಮೊದಲು ಅಪ್ಪನನ್ನೇ ಕೂರಿಸುತ್ತೇನೆ.