ವಿಮೆಯ ಕರಡು ನಿಯಮಕ್ಕೆ ಅಭಿಪ್ರಾಯ ಕಳಿಸುವ ವ್ಯವಸ್ಥೆ: ಬಳಸಿ ನೋಡಿದ ಮೇಲೆ ಬರೆದದ್ದು

ಆಸ್ಪತ್ರೆಯಿಂದ ಬಿಡುವಾಗ ಕೊಡುವ ಡಿಸ್ಚಾರ್ಜ್ ಸಮ್ಮರಿಯೊಂದರಿಂದ ಶುರು ಮಾಡುತ್ತೇನೆ. ಅದರ ಮೂರನೇ ಸಾಲಿನಲ್ಲಿ 'ಬಿಪಿ, 10 ವರ್ಷದಿಂದ' ಅಂತ ಇತ್ತು. ಇದ್ದದ್ದು 10 ತಿಂಗಳಿಂದ. ರಾತ್ರಿ ಪಾಳಿಯಲ್ಲಿ ಯಾರೋ ಅವಸರದಲ್ಲಿ ಬರೆದ ಒಂದು ಪದ, ಅಷ್ಟೇ. ಆ ಪದ ಹಿಡಿದುಕೊಂಡು ವಿಮಾ ಕಂಪನಿಯವರು ಕ್ಲೇಮು ತಳ್ಳಿಹಾಕಿದರು. ಪಾಲಿಸಿ ತೆಗೆದುಕೊಳ್ಳುವಾಗ ಕಾಯಿಲೆ ಮುಚ್ಚಿಟ್ಟಿದ್ದೀರಿ ಅನ್ನುವುದು ಅವರ ಮಾತು. ಪತ್ರದಲ್ಲಿ ಎರಡೇ ಸಾಲು. ಪಾಲಿಸಿಯ ಯಾವ ಷರತ್ತು, ಯಾವ ಕಾಗದ ನೋಡಿ ಹೀಗೆ ತೀರ್ಮಾನಿಸಿದರು, ಒಂದೂ ಇಲ್ಲ.

ನಾನು ದಾವಣಗೆರೆಯವನು. ಬ್ಯಾಂಕಿನಲ್ಲಿ ಕ್ಲರ್ಕ್ ಆಗಿದ್ದೆ, ಈಗ ನಿವೃತ್ತ. ನಾವು ಐದು ಜನ ಸೇರಿ ಒಂದು ಸಣ್ಣ ಗ್ರಾಹಕ ವೇದಿಕೆ ನಡೆಸುತ್ತೇವೆ. ಪ್ರತಿ ಶನಿವಾರ ಸಂಜೆ ಒಂದು ಮೇಜು, ಎರಡು ಬೆಂಚು, ಒಂದು ಉದ್ದನೆಯ ರಿಜಿಸ್ಟರ್. ಯಾರು ಬಂದರು, ಏನು ತೊಂದರೆ, ಕೊನೆಗೆ ಏನಾಯಿತು ಅಂತ ಅದರಲ್ಲಿ ಬರೆದಿಡುತ್ತೇವೆ. ಆ ಡಿಸ್ಚಾರ್ಜ್ ಸಮ್ಮರಿ ತಂದವರು ಗಂಡನಿಗೆ ಆಪರೇಷನ್ ಮಾಡಿಸಿದ್ದ ಒಬ್ಬ ಅಕ್ಕ. 2023ರ ಮಾತು.

ಅವರ ಕೆಲಸ ಆಯಿತು, ಆದರೆ ತಿಂಗಳುಗಟ್ಟಲೆ ಹಿಡಿಯಿತು. ಬಿಪಿ ಮಾತ್ರೆ ಮೊದಲ ಸಲ ಬರೆದುಕೊಟ್ಟ ಚೀಟಿ ಹುಡುಕಿದೆವು. ಡಾಕ್ಟರ ಹತ್ತಿರ ತಿದ್ದುಪಡಿ ಪತ್ರ ಬರೆಸಿಕೊಂಡೆವು. ಮೊದಲು ಕಂಪನಿಯ ದೂರು ಅಧಿಕಾರಿಗೆ, ಆಮೇಲೆ ವಿಮಾ ನಿಯಂತ್ರಕರು ದೂರು ಪಡೆಯಲು ನಡೆಸುವ ಬಿಮಾ ಭರೋಸಾ ಪೋರ್ಟಲ್‌ಗೆ, ಕೊನೆಗೆ ಗ್ರಾಹಕರ ಮತ್ತು ಕಂಪನಿಯ ನಡುವಿನ ವ್ಯಾಜ್ಯ ತೀರಿಸುವ, ಬೆಂಗಳೂರು ಜೆ.ಪಿ. ನಗರದ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಕಾಗದ ಹೋಯಿತು. ಒಂಬುಡ್ಸ್‌ಮನ್ ಬಗ್ಗೆ ಮನಸಾರೆ ಒಳ್ಳೆಯ ಮಾತು ಹೇಳುತ್ತೇನೆ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ, 50 ಲಕ್ಷ ರೂಪಾಯಿವರೆಗಿನ ಪರಿಹಾರ ಕೊಡಿಸುವ ಅಧಿಕಾರ ಇದೆ. ಕಂಪನಿ ನಮ್ಮ ದೂರು ತಳ್ಳಿದ ಮೇಲೆ ಒಂದು ವರ್ಷದೊಳಗೆ ಹೋಗಬೇಕು, ಅದನ್ನು ಮಾತ್ರ ಮರೆಯಬೇಡಿ.

ದುಡ್ಡು ಬಂದ ದಿನ ಆ ಅಕ್ಕ ಮೇಜಿನ ಹತ್ತಿರ ಬಂದು ಒಂದು ಮಾತು ಹೇಳಿದರು. "ಸರ್, ನಂದೇನೋ ಆತು. ನಮ್ಮ ಓಣಿಯಾಗ ಇನ್ನೊಬ್ಬರಿಗೂ ಹಿಂಗೇ ಆಗೈತಂತೆ. ಅವರೂ ಇಷ್ಟೆಲ್ಲ ಅಡ್ಡಾಡಬೇಕಾ?"

ನಾನು ರಿಜಿಸ್ಟರ್ ತಿರುವಿ ಹಾಕಿದೆ. ಎರಡು ವರ್ಷದಲ್ಲಿ ಇಂಥದ್ದೇ ಐದು ಕೇಸು ಇದ್ದವು. ಕಂಪನಿಗಳು ಬೇರೆ ಬೇರೆ, ಪತ್ರದ ಧಾಟಿ ಮಾತ್ರ ಒಂದೇ. ಒಬ್ಬೊಬ್ಬರ ದೂರನ್ನು ಬಿಡಿಬಿಡಿಯಾಗಿ ಬಗೆಹರಿಸುತ್ತಾ ಕೂತರೆ ಸಾಲದು, ನಿಯಮ ಬರೆಯುವ ಜಾಗಕ್ಕೇ ಹೋಗಬೇಕು ಅಂತ ಅವತ್ತು ಅನ್ನಿಸಿತು. ಹಾಗೆ ಹುಡುಕಿಕೊಂಡು ಹೋದಾಗ ಸಿಕ್ಕಿದ್ದೇ ಈಗ ನಾನು ವಿಮರ್ಶೆ ಬರೆಯುತ್ತಿರುವ ವ್ಯವಸ್ಥೆ.

ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಹೈದರಾಬಾದಿನಲ್ಲಿದೆ. ಹೊಸ ನಿಯಮ ತರುವಾಗ ಮೊದಲು ಅದರ ಕರಡನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಿ ಅಭಿಪ್ರಾಯ ಕೇಳುತ್ತದೆ. ಸಾಮಾನ್ಯವಾಗಿ ಎರಡು ಮೂರು ವಾರದ ಗಡುವು. ಅಭಿಪ್ರಾಯವನ್ನು ಇಮೇಲ್‌ನಲ್ಲಿ ಕಳಿಸಬೇಕು. ಯಾರು ಬೇಕಾದರೂ ಕಳಿಸಬಹುದು. ನೋಂದಾಯಿತ ಸಂಸ್ಥೆ ಆಗಿರಬೇಕಿಲ್ಲ, ಶಿಫಾರಸು ಬೇಕಿಲ್ಲ, ದುಡ್ಡು ಕಟ್ಟಬೇಕಿಲ್ಲ.

ಅಭಿಪ್ರಾಯ ಬರೆಯಲು ಒಂದು ಕೋಷ್ಟಕ ಇರುತ್ತದೆ. ಯಾವ ಕಲಂ, ಕರಡಿನಲ್ಲಿ ಈಗ ಏನಿದೆ, ಏನಾಗಬೇಕು, ಯಾಕೆ. ಇಷ್ಟೇ. ನನ್ನ ಮಟ್ಟಿಗೆ ಈ ಇಡೀ ವ್ಯವಸ್ಥೆಯ ಜೀವ ಇರುವುದು ಕೊನೆಯ ಮನೆಯಲ್ಲಿ. ಮೊದಲ ಮೂರು ಮನೆಗಳನ್ನು ಕಂಪನಿಯವರು ನಮಗಿಂತ ಚೆನ್ನಾಗಿ ತುಂಬುತ್ತಾರೆ. ಅವರಿಗೆ ವಕೀಲರಿದ್ದಾರೆ, ಲೆಕ್ಕ ಹಾಕುವ ಆಕ್ಚುರಿಗಳಿದ್ದಾರೆ. 'ಯಾಕೆ' ಅನ್ನುವ ಮನೆಗೆ ಹಾಕುವ ಸರಕು ಮಾತ್ರ ನಮ್ಮ ಹತ್ತಿರವೇ ಜಾಸ್ತಿ. ಐದು ಜನರ ತಿರಸ್ಕಾರ ಪತ್ರ, ತಾರೀಖು, ಪತ್ರದಲ್ಲಿ ಇದ್ದ ಪದ, ಇಲ್ಲದ ಪದ. ರಿಜಿಸ್ಟರ್ ಇಟ್ಟ ಗ್ರಾಹಕ ಸಂಘಟನೆ ನಿಯಂತ್ರಕರಿಗೆ ಕೊಡಬಹುದಾದ ಅತಿ ಬೆಲೆಯ ವಸ್ತು ಇದು.

ನಾವು ಮೊದಲ ಸಲ ಬರೆದದ್ದು 2024ರ ಫೆಬ್ರವರಿಯಲ್ಲಿ. ಆಗ ಒಟ್ಟಿಗೇ ಹಲವು ಕರಡುಗಳು ಬಂದಿದ್ದವು. 34 ನಿಯಮಾವಳಿಗಳನ್ನು ತೆಗೆದು ಅವುಗಳ ಜಾಗದಲ್ಲಿ 6 ತರುವ ದೊಡ್ಡ ಕೆಲಸ ಅದು. ಮೊದಲ ರಾತ್ರಿ ನಾಲ್ಕು ಪುಟದ ಪತ್ರ ಬರೆದೆ. ಅನ್ಯಾಯ, ಬಡವರ ಕಣ್ಣೀರು, ಎಲ್ಲ ಇತ್ತು. ನಮ್ಮ ಗುಂಪಿನಲ್ಲಿರುವ ನಿವೃತ್ತ ಮೇಡಂ ಒಬ್ಬರು ಓದಿ, "ಇದರಲ್ಲಿ ಅವರು ತಿದ್ದಬೇಕಾದ ಸಾಲು ಯಾವುದು?" ಅಂತ ಕೇಳಿದರು. ಸರಿಯಾದ ಪ್ರಶ್ನೆ. ಮತ್ತೆ ಕೂತು ಎರಡೇ ಸಲಹೆಗೆ ಇಳಿಸಿದೆವು. ಒಂದು, ಕ್ಲೇಮು ತಿರಸ್ಕರಿಸಿದರೆ ಪಾಲಿಸಿಯ ಯಾವ ಷರತ್ತಿನ ಮೇಲೆ ಅಂತ ಪತ್ರದಲ್ಲಿ ಬರೆಯಬೇಕು. ಎರಡು, ಯಾವ ವೈದ್ಯಕೀಯ ದಾಖಲೆ ನೋಡಿ ಹಾಗೆ ತೀರ್ಮಾನಿಸಿದರೋ ಅದರ ಪ್ರತಿ ಜೊತೆಗಿಡಬೇಕು. 'ಯಾಕೆ' ಮನೆಯಲ್ಲಿ ಐದೂ ಕೇಸು, ಹೆಸರು ತೆಗೆದು, ಒಂದೊಂದಕ್ಕೆ ಎರಡೆರಡು ಸಾಲು.

2024ರ ಮೇ 29ಕ್ಕೆ ಆರೋಗ್ಯ ವಿಮೆಯ ಮಾಸ್ಟರ್ ಸುತ್ತೋಲೆ, ಅಂದರೆ ಕಂಪನಿಗಳು ಪಾಲಿಸಬೇಕಾದ ಸೂಚನೆಗಳನ್ನು ಒಟ್ಟಿಗೆ ಹೇಳುವ ಪ್ರಾಧಿಕಾರದ ಆದೇಶ, ಬಂತು. ಕ್ಲೇಮು ತಿರಸ್ಕರಿಸಬೇಕಾದರೆ ಕಂಪನಿಯ ಪರಿಶೀಲನಾ ಸಮಿತಿ ಒಪ್ಪಬೇಕು, ಪತ್ರದಲ್ಲಿ ಪಾಲಿಸಿಯ ನಿರ್ದಿಷ್ಟ ಷರತ್ತನ್ನು ಉಲ್ಲೇಖಿಸಬೇಕು ಅಂತ ಅದರಲ್ಲಿದೆ. ಕ್ಯಾಶ್‌ಲೆಸ್ (ಆಸ್ಪತ್ರೆಯ ಬಿಲ್ಲನ್ನು ಕಂಪನಿಯೇ ನೇರವಾಗಿ ಕಟ್ಟುವ) ಕೋರಿಕೆಗೆ 1 ಗಂಟೆಯೊಳಗೆ ಉತ್ತರ, ಡಿಸ್ಚಾರ್ಜ್ ಹೊತ್ತಿಗೆ 3 ಗಂಟೆಯೊಳಗೆ ಕೊನೆಯ ಒಪ್ಪಿಗೆ. ಒಂಬುಡ್ಸ್‌ಮನ್ ಆದೇಶವನ್ನು 30 ದಿನದಲ್ಲಿ ಪಾಲಿಸದಿದ್ದರೆ ದಿನಕ್ಕೆ 5,000 ರೂಪಾಯಿ ದೂರುದಾರರಿಗೆ. ಇದೆಲ್ಲ ನಮ್ಮ ಮೇಲ್‌ನಿಂದಲೇ ಬಂತು ಅಂತ ನಾನು ಹೇಳುವುದಿಲ್ಲ. ದೇಶದ ಎಷ್ಟೋ ಕಡೆಯಿಂದ ಎಷ್ಟೋ ಜನ ಇದೇ ನೋವು ಹೇಳಿಕೊಂಡಿರುತ್ತಾರೆ. ಆದರೆ ಈಗ ಶನಿವಾರ ಯಾರಾದರೂ ಎರಡು ಸಾಲಿನ ತಿರಸ್ಕಾರ ಪತ್ರ ತಂದರೆ, ಸುತ್ತೋಲೆಯ ಆ ಪುಟ ತೆಗೆದು ತೋರಿಸುತ್ತೇನೆ. ಉತ್ತರ ಬರೆಯುವಾಗ ಕೈ ನಡುಗುವುದಿಲ್ಲ. ದಾಖಲೆಯ ಪ್ರತಿ ಜೊತೆಗಿಡಬೇಕು ಅನ್ನುವ ಎರಡನೇ ಸಲಹೆಯನ್ನು ನಾವು ಬಿಟ್ಟಿಲ್ಲ.

ಕರಡಿಗೂ ಕೊನೆಯ ನಿಯಮಕ್ಕೂ ನಡುವೆ ಏನು ನಡೆಯುತ್ತದೆ ಅಂತ ತಿಳಿಯಬೇಕಾದರೆ ಜೀವ ವಿಮೆಯ ಸರೆಂಡರ್ ಮೌಲ್ಯದ ಕಥೆ ನೋಡಬೇಕು. ಪಾಲಿಸಿ ಮಧ್ಯದಲ್ಲೇ ಬಿಟ್ಟವರಿಗೆ ಜಾಸ್ತಿ ಹಣ ವಾಪಸ್ ಸಿಗುವ ಹಾಗೆ 2023ರ ಡಿಸೆಂಬರ್‌ನಲ್ಲಿ ಕರಡು ಬಂತು. ಕಂಪನಿಗಳು ಒಪ್ಪಲಿಲ್ಲ. 2024ರ ಮಾರ್ಚ್‌ನಲ್ಲಿ ಬಂದ ನಿಯಮದಲ್ಲಿ ಹೆಚ್ಚುಕಡಿಮೆ ಹಳೆಯ ಲೆಕ್ಕವೇ ಉಳಿಯಿತು. ಅದೇ ವರ್ಷ ಜೂನ್‌ನಲ್ಲಿ ಬಂದ ಜೀವ ವಿಮೆಯ ಮಾಸ್ಟರ್ ಸುತ್ತೋಲೆಯಲ್ಲಿ ಮತ್ತೆ ಬದಲಾಯಿತು. ಒಂದು ಪೂರ್ತಿ ವರ್ಷದ ಪ್ರೀಮಿಯಂ ಕಟ್ಟಿದ್ದರೆ ಮೊದಲ ವರ್ಷದ ನಂತರವೂ ವಿಶೇಷ ಸರೆಂಡರ್ ಮೌಲ್ಯ ಕೊಡಬೇಕು ಅಂತಾಯಿತು. ಅಕ್ಟೋಬರ್ 1ರಿಂದ ಜಾರಿ. ಆರು ತಿಂಗಳಲ್ಲಿ ಮೂರು ತಿರುವು. ಮೊದಲ ಕರಡು ನೋಡಿ ಖುಷಿಯಾಗಿ ಸುಮ್ನೆ ಕೂತವರು ಮಾರ್ಚ್‌ನಲ್ಲಿ ಬೆಚ್ಚಿಬಿದ್ದಿರುತ್ತಾರೆ. ಕರಡು ನಮ್ಮ ಪರವಾಗಿದ್ದರೂ, 'ಇದು ಬೇಕು, ಕೈಬಿಡಬೇಡಿ' ಅಂತ ಬರೆಯಲೇಬೇಕು. ಆಗ ನಮಗೆ ಅದು ಗೊತ್ತಿರಲಿಲ್ಲ. ಈ ವ್ಯವಸ್ಥೆ ಬಳಸುವವರಿಗೆ ನಾನು ಹೇಳುವ ಮುಖ್ಯ ವಿಷಯ ಇದೇ.

ಇನ್ನು ಕೊರತೆಗಳು. ಮೊದಲನೆಯದು ಭಾಷೆ. ಕರಡು ಕನ್ನಡದಲ್ಲಿ ಬರುವುದಿಲ್ಲ. ಪಾಲಿಸಿಯ ಮುಖ್ಯ ಅಂಶಗಳ ಮಾಹಿತಿ ಪತ್ರವನ್ನು ಕೇಳಿದವರಿಗೆ ಅವರ ಭಾಷೆಯಲ್ಲಿ ಕೊಡಬೇಕು ಅಂತ ಕಂಪನಿಗಳಿಗೆ ಹೇಳಿರುವ ಪ್ರಾಧಿಕಾರ, ಕರಡಿನ ಎರಡು ಪುಟದ ಸಾರಾಂಶವನ್ನಾದರೂ ಕನ್ನಡದಲ್ಲಿ ಕೊಡಬೇಕು, ಅಲ್ವಾ? ಆ ಅಕ್ಕನ ಹಾಗೆ ಅನುಭವ ಇರುವವರಿಗೆ ಕರಡು ಓದಲು ಬರುವುದಿಲ್ಲ, ಓದಲು ಬರುವವರಿಗೆ ಆ ಅನುಭವ ಇರುವುದಿಲ್ಲ. ಎರಡನೆಯದು, ಬಂದ ಸಲಹೆಗಳಲ್ಲಿ ಯಾವುದನ್ನು ಒಪ್ಪಿದರು, ಯಾವುದನ್ನು ಬಿಟ್ಟರು, ಯಾಕೆ ಅಂತ ಪ್ರತಿ ಕರಡಿಗೂ ಬರೆದು ಪ್ರಕಟಿಸಬೇಕು. ಯಾಕೆ ಅಂತ ನಮ್ಮನ್ನು ಕೇಳಿದ ಹಾಗೆ ಅವರೂ ಹೇಳಲಿ.

ಮೂರನೆಯದು ದುಡ್ಡಿನ ವಿಷಯ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1988ರಲ್ಲಿ ಜನರೇ ಮತ ಹಾಕಿ ಒಂದು ಕಾನೂನು ತಂದರು. ಕಾರು ವಿಮೆ, ಮನೆ ವಿಮೆಯ ದರ ಏರಿಸುವ ಮೊದಲು ಕಂಪನಿಯವರು ಅಲ್ಲಿನ ವಿಮಾ ಕಮಿಷನರ ಒಪ್ಪಿಗೆ ಪಡೆಯಬೇಕು. ಗ್ರಾಹಕರ ಪರವಾಗಿ ಯಾರು ಬೇಕಾದರೂ ಆ ಪ್ರಕರಣದಲ್ಲಿ ವಾದ ಮಾಡಬಹುದು. ಅವರ ವಾದದಿಂದ ನಿಜವಾಗಿ ಉಪಯೋಗವಾದರೆ ಅದರ ಖರ್ಚನ್ನೂ ಕೊಡುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಲೆಕ್ಕ ಬಲ್ಲ ಒಬ್ಬರನ್ನು ಕೂರಿಸಿಕೊಳ್ಳಬೇಕಾದರೆ ಪುಕ್ಕಟೆ ಬರುವ ಪುಣ್ಯಾತ್ಮರೇ ಗತಿ.

ಒಳಗೆ ಹೋಗುವ ಇನ್ನೊಂದು ಬಾಗಿಲು ಕಾನೂನಿನಲ್ಲೇ ಇದೆ. 1999ರ ಐಆರ್‌ಡಿಎ ಕಾಯ್ದೆಯ 25ನೇ ಕಲಂ ವಿಮಾ ಸಲಹಾ ಸಮಿತಿಯ ಬಗ್ಗೆ ಹೇಳುತ್ತದೆ. ಪದನಿಮಿತ್ತ, ಅಂದರೆ ಹುದ್ದೆಯ ಕಾರಣಕ್ಕೇ ಬರುವ ಸದಸ್ಯರನ್ನು ಬಿಟ್ಟು 25 ಜನರವರೆಗೆ ಇರಬಹುದು. ಯಾರನ್ನು ಪ್ರತಿನಿಧಿಸಬೇಕು ಅನ್ನುವ ಪಟ್ಟಿಯಲ್ಲಿ ಗ್ರಾಹಕ ವೇದಿಕೆಗಳ ಹೆಸರು ಸ್ಪಷ್ಟವಾಗಿದೆ. ನಿಯಮಾವಳಿ ಮಾಡುವಾಗ ಈ ಸಮಿತಿಯ ಜೊತೆ ಸಮಾಲೋಚನೆ ಮಾಡಬೇಕು ಅಂತ 26ನೇ ಕಲಂ ಹೇಳುತ್ತದೆ. ನಮ್ಮಂಥ ಸಣ್ಣ ಗುಂಪಿಗೆ ಆ ಕುರ್ಚಿ ಸಿಗಲಿಕ್ಕಿಲ್ಲ. ಆದರೆ ಅಲ್ಲಿ ಗ್ರಾಹಕರ ಪರವಾಗಿ ಕೂತವರಿಗೆ ನಮ್ಮ ರಿಜಿಸ್ಟರಿನ ಸಾಲುಗಳನ್ನು ತಲುಪಿಸಬಹುದು. ಜಿಲ್ಲೆ ಜಿಲ್ಲೆಯ ವೇದಿಕೆಗಳು ಇಷ್ಟು ಮಾಡಿದರೆ ಅವರ ಮಾತಿಗೆ ಎಷ್ಟು ತೂಕ ಬರುತ್ತದೆ ನೋಡಿ.

ಐದಕ್ಕೆ ಎಷ್ಟು ಕೊಡುತ್ತೇನೆ ಅಂದರೆ, ಮೂರು. ಬಾಗಿಲು ತೆರೆದಿದೆ, ಯಾರೂ ತಡೆಯುವುದಿಲ್ಲ, ಅದಕ್ಕೆ ಮೂರು. ಕನ್ನಡ ಇಲ್ಲದ್ದಕ್ಕೆ ಒಂದು ಕಳೆದೆ, 'ಯಾಕೆ' ಅನ್ನುವುದನ್ನು ಅವರೂ ಪ್ರತಿ ಸಲ ಬರೆಯುವವರೆಗೆ ಇನ್ನೊಂದು.

ಬಳಸುವವರು ಗಡುವಿನ ದಿನದವರೆಗೆ ಕಾಯಬೇಡಿ. ಸಲಹೆ ಎರಡೋ ಮೂರೋ ಇರಲಿ. ಕಾಗದಗಳಲ್ಲಿ ಜನರ ಹೆಸರು, ಪಾಲಿಸಿ ನಂಬರು ಅಳಿಸಿ. ಕಳಿಸಿದ ಮೇಲ್‌ನ ಪ್ರತಿ ಮುದ್ರಿಸಿ ಇಟ್ಟುಕೊಳ್ಳಿ, ಮುಂದಿನ ಕರಡು ಬಂದಾಗ ಅಲ್ಲಿಂದಲೇ ಶುರು ಮಾಡಬಹುದು. ನಮ್ಮ ರಿಜಿಸ್ಟರಿನಲ್ಲಿ ಈಗ ಹೊಸದಾಗಿ ಒಂದು ಮನೆ ಗೆರೆ ಎಳೆದಿದ್ದೇವೆ. ಅದರ ತಲೆಬರಹ 'ಯಾವ ಕಲಂ?'