ನೀರಿನಿಂದ ಹೈಡ್ರೋಜನ್: ಸ್ಟೀಲ್ ಜಾಲರಿ, ನಿಕಲ್ ಫೋಮ್, ಪದರದ ಲೇಪ, ಯಾವುದು ಸೈ?

ಮಳೆಗಾಲದಲ್ಲಿ ನಮ್ಮ ತೋಟದ ತೊರೆಗೆ ಕೂರಿಸಿದ ಪಿಕೋ ಹೈಡ್ರೋ, ಅಂದರೆ ಹರಿಯುವ ನೀರಿನಿಂದ ಕರೆಂಟು ಮಾಡುವ ಪುಟ್ಟ ಯಂತ್ರ, ರಾತ್ರಿಯಿಡೀ ಓಡುತ್ತದೆ. ಕೊಡಗಿನ ತೋಟದ ಮನೆಗಳಲ್ಲಿ ಇದೇನೂ ಹೊಸದಲ್ಲ. ಎಲ್ಲರೂ ಮಲಗಿದ ಮೇಲೆ ಉಳಿಯುವ ಕರೆಂಟು ಮಾತ್ರ ಹೀಟರ್ ಕಾಯಿಲ್‌ನಲ್ಲಿ ಸುಮ್ನೆ ಸುಟ್ಟು ಹೋಗುತ್ತದೆ. ಅದರಿಂದ ಹೈಡ್ರೋಜನ್ ತೆಗೆಯೋಣ ಅಂತ ಹೊರಟವನು ನಾನು. ಅದಕ್ಕೆ ನೀರಿನಲ್ಲಿ ಎರಡು ಎಲೆಕ್ಟ್ರೋಡ್, ಅಂದರೆ ಕರೆಂಟು ಹಾಯಿಸುವ ತುಂಡುಗಳನ್ನು ಇಳಿಬಿಡಬೇಕು, ಒಂದರಲ್ಲಿ ಹೈಡ್ರೋಜನ್, ಇನ್ನೊಂದರಲ್ಲಿ ಆಕ್ಸಿಜನ್ ಬರುತ್ತದೆ. ಯಾವ ಎಲೆಕ್ಟ್ರೋಡ್ ಅಗ್ಗ, ಯಾವುದು ಬಾಳುತ್ತದೆ ಅಂತ ಒಂದೊಂದಾಗಿ ಹಾಕಿ ನೋಡಿದೆ.

ಪರೀಕ್ಷೆ ಸರಳ. ಲೀಟರ್ ಬ್ಯಾಟರಿ ನೀರಿಗೆ (ಡಿಸ್ಟಿಲ್ಡ್ ವಾಟರ್, ಆಸಿಡ್ ಅಲ್ಲ) 56 ಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ, ಒಂದೇ ಅಳತೆಯ ತುಂಡುಗಳು, ಒಂದೇ ಆಂಪ್ಸ್. ಯಾವುದು ಕಡಿಮೆ ವೋಲ್ಟ್ ಕೇಳುತ್ತದೋ ಅದು ಗೆದ್ದಂತೆ. ನೀರು ಒಡೆಯಲು ಲೆಕ್ಕದ ಪ್ರಕಾರ 1.23 ವೋಲ್ಟ್ ಸಾಕು, ಆದರೆ ಯಾವ ಸೆಲ್ಲೂ ಅಷ್ಟರಲ್ಲಿ ಓಡುವುದಿಲ್ಲ. ಬಂದ ವೋಲ್ಟನ್ನು 26.6ರಿಂದ ಗುಣಿಸಿದರೆ ಒಂದು ಕೆಜಿ ಹೈಡ್ರೋಜನ್‌ಗೆ ಎಷ್ಟು ಯೂನಿಟ್ ಅಂತ ಸಿಗುತ್ತದೆ.

ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ಸುಮಾರು 2.2 ವೋಲ್ಟ್ ಕೇಳಿತು. ಅಂದರೆ ಕೆಜಿಗೆ 58 ಯೂನಿಟ್ ಮೇಲೆ. ಆಕ್ಸಿಜನ್ ಬರುವ ಕಡೆಯ ಸ್ಟೀಲಿನಿಂದ ವಿಷದ ಕ್ರೋಮಿಯಂ ನೀರಿಗೆ ಇಳಿಯಬಹುದು, ಆ ನೀರನ್ನು ತೊರೆಗೆ ಸುರಿಯಲೇಬೇಡಿ. ಕೆಳಗೆ ಕಾವೇರಿ ಇದೆ. ನನಗೆ ಇದೊಂದೇ ಸಾಕು, ಸ್ಟೀಲ್ ಬೇಡ ಅನ್ನಲು.

ಎರಡೂ ಕಡೆ ನಿಕಲ್ ಫೋಮ್, ಅಂದರೆ ಸ್ಪಂಜಿನ ಹಾಗೆ ತೂತು ತೂತಾದ ನಿಕಲ್ ಹಾಳೆ, ಹಾಕಿದಾಗ ಸುಮಾರು 1.9ಕ್ಕೆ ಇಳಿಯಿತು. ಬಳಸುತ್ತಾ ಹೋದಂತೆ ಇನ್ನೂ ಸ್ವಲ್ಪ ಇಳಿಯಿತು, ಯಾಕೆಂದರೆ ಮಾರುಕಟ್ಟೆಯ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಚೂರುಪಾರು ಕಬ್ಬಿಣ ಇರುತ್ತದೆ, ಅದು ಹೋಗಿ ನಿಕಲ್ ಮೇಲೆ ಕೂತು ಆಕ್ಸಿಜನ್ ಬಿಡಿಸುವ ಕೆಲಸವನ್ನು ಹಗುರ ಮಾಡುತ್ತದೆ.

ಇನ್ನು ಹೈಡ್ರೋಜನ್ ಕಡೆಗೆ ಬಳಿಯಲು ಎಲ್ಲರೂ ಹೊಗಳುವ ಮಾಲಿಬ್ಡಿನಂ ಡೈಸಲ್ಫೈಡ್. ಗ್ರೀಸಿಗೆ ಹಾಕುವ ಕಪ್ಪು ಪುಡಿ, ಪ್ಲಾಟಿನಂ ಪಕ್ಕದಲ್ಲಿ ಇಟ್ಟರೆ ಬೆಲೆ ಏನೇನೂ ಅಲ್ಲ. ಪುಸ್ತಕದ ಹಾಳೆಗಳ ಹಾಗೆ ಪದರ ಪದರ. ಹೈಡ್ರೋಜನ್ ಹುಟ್ಟುವುದು ಹಾಳೆಯ ಅಂಚಿನಲ್ಲಿ, ಮುಖ ಬಹುಪಾಲು ಸುಮ್ಮನಿರುತ್ತದೆ ಅಂತ 2007ರಲ್ಲಿ ಡೆನ್ಮಾರ್ಕ್‌ನ ಸಂಶೋಧಕರು ತೋರಿಸಿದರು. ಅದಕ್ಕೇ ಅಂಗಡಿಯ ಪುಡಿಯನ್ನು ಹಾಗೇ ಬಳಿದರೆ ಪ್ರಯೋಜನ ಕಡಿಮೆ. ನೀರು ಮತ್ತು ಆಲ್ಕೋಹಾಲ್ ಬೆರೆಸಿ ಅಲ್ಟ್ರಾಸೋನಿಕ್ ಪಾತ್ರೆಯಲ್ಲಿ ಹೊತ್ತುಗಟ್ಟಲೆ ಅಲುಗಿಸಿ ಪದರ ಬಿಡಿಸಿದ ಮೇಲೆ ಬಳಿದದ್ದು ಚೆನ್ನಾಗಿ ಕೆಲಸ ಮಾಡಿತು, ಆದರೆ ಆಸಿಡ್‌ನಲ್ಲಿ! ಕ್ಷಾರದಲ್ಲಿ ಬರೀ ನಿಕಲ್‌ಗಿಂತ ಹೆಚ್ಚೇನೂ ಗಿಟ್ಟಲಿಲ್ಲ. ಸರಿ, ಆಸಿಡ್‌ನಲ್ಲೇ ಓಡಿಸೋಣ ಅಂದರೆ ಎದುರು ಕಡೆ ಏನು ಹಾಕುವುದು? ನಿಕಲ್ ಕರಗುತ್ತದೆ, ಗ್ರಾಫೈಟ್ ಉದುರಿ ನೀರೆಲ್ಲ ಕಪ್ಪಾಗುತ್ತದೆ, ತಡೆಯುವ ಇರಿಡಿಯಂ ಪ್ಲಾಟಿನಂಗಿಂತಲೂ ದುಬಾರಿ. ಒಂದು ಕಡೆ ಉಳಿಸಿದ ದುಡ್ಡು ಇನ್ನೊಂದು ಕಡೆ ಹೋಯಿತು ಅಲ್ವಾ.

ನನ್ನ ಮನಸ್ಸು ಗೆದ್ದದ್ದು ನಿಕಲ್-ಕಬ್ಬಿಣದ ಪದರ ಹೈಡ್ರಾಕ್ಸೈಡ್. ಇದೂ ಹಾಳೆ ಹಾಳೆಯಾಗಿಯೇ ಬೆಳೆಯುತ್ತದೆ, ನಡುವೆ ನೀರು, ಕಾರ್ಬೊನೇಟ್ ಕೂತಿರುತ್ತವೆ. ಸರ್ಕ್ಯೂಟ್ ಬೋರ್ಡ್ ಕೊರೆಯುವ ಫೆರಿಕ್ ಕ್ಲೋರೈಡನ್ನು ಚೆನ್ನಾಗಿ ತೆಳು ಮಾಡಿ, ನಿಕಲ್ ಫೋಮನ್ನು ಅದರಲ್ಲಿ ರಾತ್ರಿ ನೆನೆಸಿಟ್ಟರೆ ಲೇಪ ತಾನೇ ಬೆಳೆಯುತ್ತದೆ. ಕುಲುಮೆ ಬೇಡ, ಲ್ಯಾಬ್ ಬೇಡ. ಆಕ್ಸಿಜನ್ ಕಡೆ ಇದು, ಹೈಡ್ರೋಜನ್ ಕಡೆ ಬರೀ ನಿಕಲ್ ಫೋಮ್ ಹಾಕಿದಾಗ ಸುಮಾರು 1.7 ವೋಲ್ಟ್, ಕೆಜಿಗೆ 45 ಯೂನಿಟ್. ವೋಲ್ಟ್ ಹೆಚ್ಚು ಪೋಲಾಗುವುದು ಆಕ್ಸಿಜನ್ ಕಡೆ. ಎಲ್ಲರ ಕಣ್ಣು ಹೈಡ್ರೋಜನ್ ಮೇಲಿದ್ದರೂ ದುಡ್ಡು, ಶ್ರಮ ಹಾಕಬೇಕಾದದ್ದು ಅಲ್ಲಿಗೆ.

ಕೊರತೆ ಇಲ್ಲ ಅಂತಲ್ಲ. ಆಂಪ್ಸ್ ಜಾಸ್ತಿ ಮಾಡಿದರೆ ಗುಳ್ಳೆಗಳ ರಭಸಕ್ಕೆ ಲೇಪ ಅಲ್ಲಲ್ಲಿ ಏಳುತ್ತದೆ, ಮತ್ತೆ ನೆನೆಸಬೇಕು. ಕಕ್ಕಡದ (ಕೊಡಗಿನ ಜೋರು ಮಳೆಯ ತಿಂಗಳು) ಥಂಡಿಯಲ್ಲಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಡಬ್ಬಿ ತೆರೆದಿಟ್ಟರೆ ಗಾಳಿಯ ತೇವ ಹೀರಿ ನೋಡನೋಡುತ್ತಲೇ ನೀರಾಗುತ್ತದೆ, ಬಿಗಿಯಾಗಿ ಮುಚ್ಚಿಡಿ. ಕೈಗವಸು, ಕನ್ನಡಕ ಬೇಕೇ ಬೇಕು. ಇದನ್ನೆಲ್ಲ ಬಯಲಲ್ಲಿ ಮಾಡಿ, ಗ್ಯಾಸ್ ಕೂಡಿಡಬೇಡಿ. ಗಾಳಿಯಲ್ಲಿ ಹೈಡ್ರೋಜನ್ ಶೇ. 4 ಆದರೂ ಕಿಡಿ ಸಾಕು.